ಕೊಯ್ತಾ ಒಂದು, ಕೈ ನಾಲ್ಕು



ನಮ್ಮದು ಸಹಕಾರಿ ಕಾರ್ಖಾನೆ. ಎರಡೆಕರೆ ಕಬ್ಬಿನವರಿಗೂ ಇಪ್ಪತ್ತೆಕರೆಯವರಿಗೂ ಸರ್ವಸಾಧಾರಣ ಸಭೆಯಲ್ಲಿ ಒಂದೇ ಮತ. ಇದು ನಮ್ಮ ಹೆಮ್ಮೆ. ಆದರೆ ನಮ್ಮ ಕಬ್ಬನ್ನು ಕಡಿದು, ಹೊರೆ ಕಟ್ಟಿ, ಗಾಡಿಗೆ ಹೇರುವವರಿಗೆ ಆ ಸಭೆಯಲ್ಲಿ ಮತವಿಲ್ಲ. ಆದ್ದರಿಂದ ಅವರ ಪರವಾಗಿ ಯೋಚಿಸುವ ಹೊಣೆ ನಮ್ಮದೇ ಆಗುತ್ತದೆ.

ಕಟಾವಿನ ಟೋಳಿಯಲ್ಲಿ ಗಂಡಹೆಂಡಿರ ಜೋಡಿಗೆ ‘ಒಂದು ಕೊಯ್ತಾ’ ಎನ್ನುತ್ತೇವೆ. ಮುಕಾದಮನಿಂದ ಮುಂಗಡ ಪಡೆಯುವವನು ಸಾಮಾನ್ಯವಾಗಿ ಗಂಡ. ದುಡಿದು ತೀರಿಸುವವರು ಇಬ್ಬರು. ನಸುಕಿನಲ್ಲಿ ರೊಟ್ಟಿ ಬಡಿದು ಹೊಲಕ್ಕೆ ಬರುವ ಹೆಂಗಸಿನ ಹೆಸರು ಲೆಕ್ಕದ ಪುಸ್ತಕದಲ್ಲಿ ಇರುವುದಿಲ್ಲ. ಒಂದು ದಿನ ತಪ್ಪಿದರೆ ‘ಖಾಡಾ’ ಎಂದು ಅನೇಕ ಟೋಳಿಗಳಲ್ಲಿ ದಂಡ ಹಿಡಿಯುತ್ತಾರೆ. ಮುಟ್ಟು, ಬಸುರು, ಜ್ವರ ಯಾವುದಕ್ಕೂ ರಿಯಾಯಿತಿ ಇಲ್ಲ.

ಇದರ ಫಲವೇನೆಂಬುದನ್ನು ನಮ್ಮ ಮರಾಠವಾಡೆಯ ಬೀಡ ಜಿಲ್ಲೆಯಲ್ಲಿ ಕಂಡಿದ್ದೇವೆ. 2019ರಲ್ಲಿ ರಾಜ್ಯ ಸರಕಾರವು ನೀಲಮ್ ಗೋರ್ಹೆಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸಮಿತಿ ವಿಚಾರಿಸಿದ ಕಬ್ಬು ಕಡಿಯುವ 82,309 ಹೆಣ್ಣುಮಕ್ಕಳಲ್ಲಿ 13,861 ಮಂದಿಗೆ ಗರ್ಭಕೋಶ ತೆಗೆಯುವ ಶಸ್ತ್ರಕ್ರಿಯೆ ಆಗಿತ್ತು. ಅಂದರೆ ಸುಮಾರು ಆರು ಜನರಲ್ಲಿ ಒಬ್ಬಳಿಗೆ. ಕಾರಣಗಳು ಹಲವು, ಕೂಲಿ ತಪ್ಪೀತೆಂಬ ಹೆದರಿಕೆಯೂ ಅವುಗಳಲ್ಲೊಂದು.

“ಇದು ಮುಕಾದಮನ ವ್ಯವಹಾರ, ನಮಗೇನು?” ಎಂದು ಕೇಳುವವರಿದ್ದಾರೆ. ಕಬ್ಬಿನ ಬುಡದ ಗಣಿಕೆಗಳಲ್ಲಿಯೇ ಸಕ್ಕರೆ ಅಂಶ ಹೆಚ್ಚು. ದಣಿದ ಕೈ ಬಾಗಿ ಕಡಿಯಲಾರದೆ ನಾಲ್ಕು ಬೆರಳು ಮೇಲೆ ಕಡಿಯುತ್ತದೆ. ಆಗ ತೂಕವೂ ಹೋಯಿತು, ಇಳುವರಿಯೂ ಹೋಯಿತು, ಕುಳೆ ಬೆಳೆಯೂ ಕೆಟ್ಟಿತು. ಹೀಗಿದ್ದರೂ ನಾನು ಹೇಳುವುದು ಲಾಭಕ್ಕಾಗಿ ಮಾತ್ರವಲ್ಲ. ನ್ಯಾಯಕ್ಕಾಗಿ.

ಈ ಹಂಗಾಮಿನಲ್ಲಿ ತಮ್ಮ ಹೊಲದ ಮಟ್ಟಿಗೆ ಇಷ್ಟನ್ನು ಮಾಡಿರಿ:

1. ಕೂಲಿಯ ಲೆಕ್ಕದಲ್ಲಿ ಗಂಡ, ಹೆಂಡತಿ ಇಬ್ಬರ ಹೆಸರನ್ನೂ ಬರೆಯಿಸಿರಿ. ಸಮಾನ ಕೆಲಸಕ್ಕೆ ಸಮಾನ ವೇತನವೆಂದು 1976ರಲ್ಲಿಯೇ ಕಾಯದೆ ಆಯಿತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ.

2. ಬಸುರಿ, ಬಾಣಂತಿ, ಕಾಯಿಲೆಯವರ ‘ಖಾಡಾ’ ಹಿಡಿಯಬಾರದೆಂದು ಟೋಳಿ ಇಳಿಯುವ ಮೊದಲೇ ಮುಕಾದಮನಿಗೆ ತಿಳಿಸಿರಿ.

3. ಕುಡಿಯುವ ನೀರು, ಕೂಸು ಮಲಗಿಸಲು ನೆರಳು, ಹೆಂಗಸರಿಗೆ ಮರೆಯಾದ ಶೌಚದ ಜಾಗ ಏರ್ಪಡಿಸಿರಿ. ನಾಲ್ಕು ಬಿದಿರು, ಒಂದು ತಾಡಪತ್ರಿ ಸಾಕು.

4. 14 ವರ್ಷದೊಳಗಿನ ಮಕ್ಕಳ ಕೈಗೆ ಕೊಯ್ತಾ ಬೇಡ. ಹತ್ತಿರದ ಶಾಲೆಯ ಗುರುಗಳಿಗೆ ಸುದ್ದಿ ಕೊಡಿರಿ.

ಕಾಸಾರಶಿರಸಿಯಿಂದ ಕಲ್ಯಾಣವೇನೂ ದೂರವಲ್ಲ. 12ನೆಯ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳಿಸಿದಳೆಂಬ ಕಥೆ ನಮಗೆಲ್ಲ ಗೊತ್ತು. ಕಾಯಕದ ಲೆಕ್ಕದಲ್ಲಿ ಹೆಂಡತಿಯ ಮಾತೂ ನಡೆಯುತ್ತಿದ್ದ ನೆಲವಿದು. ನಮ್ಮ ಹೊಲದ ಬದುವಿನಲ್ಲಿಯೂ ಅದು ನಡೆಯಲಿ ಎಂದು ವಿನಂತಿ.

— ಕಬ್ಬು ಅಭಿವೃದ್ಧಿ ಅಧಿಕಾರಿ