ಹಳೆ ಜೀಪಿಗೆ ಗಡಿ ಇಲ್ಲ, ಅದರ ಕಾಗದಕ್ಕೆ ಉಂಟು

ಉಪ್ಪಳ: ಮಳೆಗಾಲ ಮುಗಿದು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ಗಡಿನಾಡಿನ ಒಳಭಾಗದ ಮನೆಗಳಲ್ಲಿ ಒಂದು ಮಾತು ಮತ್ತೆ ಏಳುತ್ತದೆ: ‘ಒಂದು ಜೀಪು ಬೇಕಿತ್ತು.’ ರಾಷ್ಟ್ರೀಯ ಹೆದ್ದಾರಿ ತಲಪಾಡಿಯಿಂದ ಈಚೆಗೆ ಆರು ಪಥವಾಗಿದೆ. ಊರೊಳಗಿನ ಪಂಚಾಯತ್ ರಸ್ತೆಗಳು ಬಹುತೇಕ ಡಾಮರು, ಕಾಂಕ್ರೀಟ್ ಕಂಡಿವೆ. ಆದರೆ ರಸ್ತೆಯಿಂದ ಅಂಗಳದವರೆಗಿನ ಕೊನೆಯ ಇನ್ನೂರು ಮೀಟರ್ ಎಷ್ಟೋ ಮನೆಗಳಿಗೆ ಇನ್ನೂ ಕೆಂಪು ಮಣ್ಣಿನ ಏರೇ. ಬಾಯಾರು, ಪೈವಳಿಕೆ, ಮೀಯಪದವು, ಧರ್ಮತ್ತಡ್ಕ ಕಡೆಯ ಗುಡ್ಡದ ಮಗ್ಗುಲಿನ ತೋಟದವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಜೂನ್ ತಿಂಗಳಲ್ಲಿ ಕಾರು ಗೇಟಿನ ಹೊರಗೇ ನಿಲ್ಲುತ್ತದೆ. ಗೊಬ್ಬರದ ಚೀಲ ತಲೆಹೊರೆಯಲ್ಲಿ ಇಳಿಯುತ್ತದೆ. ರಾತ್ರಿ ಹೊತ್ತು ಮನೆಯ ಹಿರಿಯರಿಗೆ ಎದೆನೋವು ಬಂದರೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಾಗುತ್ತದೆ.

ಹೊಸ ಥಾರ್, ಜಿಮ್ನಿಗಳ ಬೆಲೆ ಕೇಳಿದರೆ ಎರಡೆಕರೆ ತೋಟದವರು ಸುಮ್ಮನಾಗುತ್ತಾರೆ. ಉಳಿಯುವುದು ಹಳೆಯದೊಂದು ಫೋರ್‌ವೀಲ್ ಡ್ರೈವ್. ಅದು ಸಿಗುವುದೂ ಹೆಚ್ಚಾಗಿ ಗಡಿಯಾಚೆ, ವಿಟ್ಲ, ಪುತ್ತೂರು, ಸುಳ್ಯ, ಮಡಿಕೇರಿ ಕಡೆ. ಜೀಪು ಒಂದೆರಡು ಗಂಟೆಯಲ್ಲಿ ಗಡಿ ದಾಟಿ ಬರುತ್ತದೆ. ಆದರೆ ಅದರ ಕಾಗದಪತ್ರ ಅಷ್ಟು ಸುಲಭದಲ್ಲಿ ದಾಟುವುದಿಲ್ಲ. ಅಗ್ಗದ ಜೀಪು ದುಬಾರಿಯಾಗುವುದು ಅಲ್ಲೇ.

ಎಲ್ಲ ಜೀಪೂ ಫೋರ್‌ವೀಲ್ ಅಲ್ಲ

ಹೊರಗಿನಿಂದ ಒಂದೇ ರೀತಿ ಕಾಣುವ ಜೀಪುಗಳ ಒಳಗೆ ಅಜಗಜಾಂತರವಿದೆ. ಮಹೀಂದ್ರ ಕಂಪೆನಿ 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ತೊಡಗಿತು. ಮುಂದೆ ಪ್ಯೂಜೊ ಡೀಸೆಲ್ ಎಂಜಿನ್ ಹೊತ್ತು ಬಂದ ಎಂಎಂ 540, ಎಂಎಂ 550 ಗಾಡಿಗಳು ಮಲೆನಾಡು, ಕರಾವಳಿಯ ತೋಟಗಳಲ್ಲಿ ಹೆಸರು ಮಾಡಿದವು. ಕಮಾಂಡರ್, ಮೇಜರ್‌ಗಳಲ್ಲಿ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವ ಗಾಡಿಗಳು ಧಾರಾಳ. 2010ರಲ್ಲಿ ಬಂದ ಮೊದಲ ಥಾರ್‌ನಲ್ಲೂ ಟೂವೀಲ್ ಡ್ರೈವ್ ಮಾದರಿ ಇತ್ತು. ಒಂದು ಕಾಲದಲ್ಲಿ ಒಳಊರುಗಳಿಗೆ ಬಾಡಿಗೆಗೆ ಓಡುತ್ತಿದ್ದ ಟ್ರೆಕ್ಕರ್ ಕೂಡ ಫೋರ್‌ವೀಲ್ ಆಗಿರಲಿಲ್ಲ.

ಮಾರುತಿ ಜಿಪ್ಸಿಯ ಕತೆ ಬೇರೆ. 1985ರ ಕೊನೆಯಲ್ಲಿ 970 ಸಿಸಿ ಎಂಜಿನ್‌ನೊಂದಿಗೆ ಬಂದ ಅದು 1996ರಲ್ಲಿ 1298 ಸಿಸಿಯ ಕಿಂಗ್ ಆಯಿತು. ಪೆಟ್ರೋಲ್ ಕುಡಿಯುತ್ತದೆ, ಹೊರೆ ಹೊರಲಿಕ್ಕೆ ಡೀಸೆಲ್ ಜೀಪಿನಷ್ಟು ಗಟ್ಟಿ ಅಲ್ಲ. ಆದರೆ ಹಗುರ ಇರುವುದರಿಂದ ಕೆಸರಲ್ಲಿ ಹೂತುಹೋಗುವುದು ಕಡಿಮೆ. ವಾರಕ್ಕೆರಡು ಸಲ ಪೇಟೆಗೆ ಬರುವ ಮನೆಗೆ ಸಾಕು. ದಿನಾ ಗೊಬ್ಬರ, ಅಡಿಕೆ ಹೇರುವವರಿಗೆ ಡೀಸೆಲ್ ಜೀಪೇ ಬೇಕು.

ಮಾರುವವರ ಬಳಿ ‘ಫೋರ್‌ವೀಲ್ ಉಂಟಾ?’ ಎಂದು ಕೇಳಿದರೆ ‘ಉಂಟಣ್ಣ, ಈಗ ಕನೆಕ್ಷನ್ ತೆಗೆದಿಟ್ಟದ್ದು, ಮೈಲೇಜಿಗೆ ಒಳ್ಳೇದಲ್ವಾ’ ಎಂಬ ಉತ್ತರ ಸಿಗುವುದುಂಟು. ಮುಂದಿನ ಶಾಫ್ಟ್ ಬಿಚ್ಚಿಟ್ಟ ಗಾಡಿಯನ್ನು ಟೂವೀಲ್ ಎಂದೇ ಲೆಕ್ಕಹಾಕಿ ಬೆಲೆ ಕಟ್ಟಬೇಕು. ಯಾಕೆ ಬಿಚ್ಚಿದರು ಎಂಬುದು ಶಾಫ್ಟ್ ಮತ್ತೆ ಕೂರಿಸಿ ಓಡಿಸಿದ ಮೇಲಷ್ಟೇ ತಿಳಿಯುವುದು.

ಹತ್ತು ನಿಮಿಷದ ಪರೀಕ್ಷೆ

ಮುಂದಿನ ಚಕ್ರದಲ್ಲಿ ತಿರುಗಿಸುವ ಹಬ್ ಲಾಕ್ ಇರುವ ಜೀಪಾದರೆ ಫೋರ್‌ವೀಲ್ ಸರಿ ಇದೆಯೋ ಇಲ್ಲವೋ ನೋಡುವುದು ಕಷ್ಟವಲ್ಲ. ಮೊದಲು ಹಬ್ ಎರಡನ್ನೂ ಫ್ರೀ ಮಾಡಿ, ಲಿವರನ್ನು ಫೋರ್‌ವೀಲ್‌ಗೆ ಹಾಕಿ ನಿಧಾನ ಓಡಿಸಬೇಕು. ಇನ್ನೊಬ್ಬರು ಬದಿಯಲ್ಲಿ ದೂರ ನಿಂತು ಅಡಿಗೆ ಬಗ್ಗಿ ನೋಡಬೇಕು. ಮುಂದಿನ ಶಾಫ್ಟ್ ತಿರುಗಿದರೆ ಟ್ರಾನ್ಸ್‌ಫರ್ ಕೇಸ್ ಕೆಲಸ ಮಾಡುತ್ತಿದೆ ಎಂದರ್ಥ. ಆಮೇಲೆ ಹಬ್ ಲಾಕ್ ಮಾಡಿ, ಲಿವರನ್ನು ಟೂವೀಲ್‌ಗೆ ತಂದು ಓಡಿಸಬೇಕು. ಆಗಲೂ ಶಾಫ್ಟ್ ತಿರುಗಿದರೆ ಹಬ್ ಹಿಡಿಯುತ್ತಿದೆ. ಎರಡರಲ್ಲಿ ಒಂದು ತಪ್ಪಿದರೂ ಖರ್ಚು ಕಾದಿದೆ.

ಹಬ್ ಲಾಕ್ ಇಲ್ಲದ ಗಾಡಿಯಲ್ಲಿ ಶಾಫ್ಟ್ ಯಾವಾಗಲೂ ತಿರುಗುತ್ತಲೇ ಇರುತ್ತದೆ. ಅದನ್ನು ಒದ್ದೆ ಮಣ್ಣಿನ ಏರಿನಲ್ಲೇ ಪರೀಕ್ಷಿಸಬೇಕು. ಗಟ್ಟಿ ಡಾಮರಿನ ಮೇಲೆ ಫೋರ್‌ವೀಲ್ ಹಾಕಿ ದೂರ ಓಡಿಸಬಾರದು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರ ಓಡುವ ದೂರ ಬೇರೆ ಬೇರೆ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಅದನ್ನು ಸರಿದೂಗಿಸಿಕೊಳ್ಳುತ್ತದೆ, ಡಾಮರಿನಲ್ಲಿ ಆ ಒತ್ತಡವೆಲ್ಲ ಗಿಯರಿನ ಹಲ್ಲಿಗೇ ಬೀಳುತ್ತದೆ.

ಎಂಜಿನ್ ನೋಡಲು ಬೆಳಗ್ಗೆಯೇ ಹೋಗಬೇಕು, ಹೇಳದೆ ಹೋದರೆ ಇನ್ನೂ ಒಳ್ಳೆಯದು. ಬಾನೆಟ್ ಮುಟ್ಟಿದರೆ ಬಿಸಿ ಇದ್ದಲ್ಲಿ ಯಾರೋ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೋ, ನೀಲಿ ಹೊಗೆ ಬರುತ್ತದೋ ನೋಡಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ರಭಸದಿಂದ ಹೊಗೆ ನುಗ್ಗಿತೆಂದರೆ ಎಂಜಿನ್ ಕೆಲಸಕ್ಕೆ ಬಂದಿದೆ. ಗೇಜಿನ ಕಡ್ಡಿಯಲ್ಲಿ ಆಯಿಲ್ ಹಾಲು ಬೆರೆತಂತೆ ಕಂಡರೆ ಒಳಗೆ ನೀರು ಸೇರಿದೆ.

ಆದರೂ ಎಂಜಿನ್‌ಗಿಂತ ಮೊದಲು ನೋಡಬೇಕಾದದ್ದು ಚಾಸಿಸ್. ಸಮುದ್ರದ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಎರಡೂ ಕಬ್ಬಿಣಕ್ಕೆ ಆಗುವುದಿಲ್ಲ. ಹೊಸ ಪೈಂಟ್ ಬಳಿದ ಜೀಪು ಕಂಡರೆ ಸಂಶಯ ಪಡುವುದೇ ಲೇಸು. ಸ್ಪ್ರಿಂಗ್ ಕೂರುವ ಜಾಗ, ಸ್ಟೇರಿಂಗ್ ಬಾಕ್ಸಿನ ಬುಡ, ತೊಟ್ಟಿಯ ಅಡಿಭಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಟಣ್ ಎಂದರೆ ಕಬ್ಬಿಣ, ದಬ್ ಎಂದರೆ ತುಕ್ಕು, ಪುಟ್ಟಿ. ಎಂಜಿನ್ ಬಿಚ್ಚಿ ಕಟ್ಟಿಸಬಹುದು. ಚಾಸಿಸ್ ತುಂಡಾದರೆ ಅದರ ಮೇಲೆ ಹಾಕಿದ ಹಣವೆಲ್ಲ ಗುಜರಿಗೆ.

ಚಾಸಿಸ್ ಮೇಲೆ ಒತ್ತಿದ ನಂಬರು ಆರ್‌ಸಿಯಲ್ಲಿರುವ ನಂಬರಿಗೆ ಅಕ್ಷರ ಬಿಡದೆ ಹೊಂದಬೇಕು. ಉಜ್ಜಿದ, ಮತ್ತೆ ಕೊರೆದ ಗುರುತು ಕಂಡರೆ ಚಹಾ ಕುಡಿಯಲೂ ನಿಲ್ಲದೆ ವಾಪಸು ಬರುವುದು ಕ್ಷೇಮ.

ಬಾವನ ಜೀಪು

ಗಡಿಯ ಈಚೆ ಮನೆ, ಆಚೆ ಹೆಂಡತಿಯ ತವರು. ಇಲ್ಲಿಯ ಕನ್ನಡ ಕುಟುಂಬಗಳಲ್ಲಿ ಇದು ಮಾಮೂಲು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾದರೂ ಮದುವೆ, ಮುಂಜಿ, ಭೂತಕೋಲಗಳ ಹೋಗಿಬರುವಿಕೆ ನಿಂತಿಲ್ಲ. ಹಳೆ ಜೀಪಿನ ವ್ಯಾಪಾರವೂ ಹೀಗೆ ಸಂಬಂಧದೊಳಗೇ ಆಗುವುದು ಹೆಚ್ಚು. ಮಾತುಕತೆ ಇಷ್ಟರಲ್ಲಿ ಮುಗಿಯುತ್ತದೆ:

‘ಬಾವ, ಜೀಪು ನೀವು ಕೊಂಡುಹೋಗಿ. ಕಾಗದ ಮತ್ತೆ ನಿಧಾನಕ್ಕೆ ಮಾಡುವ.’

‘ಆಯ್ತು ಬಾವ, ಅಡಿಕೆ ಕೊಟ್ಟ ಮೇಲೆ ಒಟ್ಟಿಗೆ ಹೋಗುವ.’

ಆ ‘ಮತ್ತೆ’ ಎಂಬುದು ಒಂದು ಮಳೆಗಾಲ, ಎರಡು ಮಳೆಗಾಲ ದಾಟುತ್ತದೆ. ಜೀಪು ಬಾಯಾರಿನಲ್ಲಿ ಓಡುತ್ತಿರುತ್ತದೆ, ಹೆಸರು ವಿಟ್ಲದ ಬಾವನದ್ದೇ ಇರುತ್ತದೆ. ಇನ್ಶೂರೆನ್ಸ್ ಮುಗಿದದ್ದು ಇಬ್ಬರ ನೆನಪಿಗೂ ಬರುವುದಿಲ್ಲ. ಎಲ್ಲ ಸರಿ ಇರುವಷ್ಟು ದಿನ ಸರಿ. ಒಂದು ಅಪಘಾತವಾಗಿ ಯಾರಾದರೂ ಸತ್ತರೆ ಪರಿಹಾರದ ನೋಟಿಸು ಹೋಗುವುದು ಆರ್‌ಸಿಯಲ್ಲಿ ಹೆಸರಿರುವವರ ಮನೆಗೆ.

ಇದು ಬರೀ ಹೆದರಿಸುವ ಮಾತಲ್ಲ. ಕೈಯಿಂದ ಕೈಗೆ ಮಾರಾಟವಾಗಿದ್ದರೂ ಹೆಸರು ಬದಲಾಗದೆ ಉಳಿದಿದ್ದ ವಾಹನವೊಂದರ ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಸ್ಪಷ್ಟ ತೀರ್ಪು ನೀಡಿದೆ. ಸಾರಿಗೆ ಇಲಾಖೆಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಿಗೆ ಅವರೇ ಮಾಲಕರು, ಪರಿಹಾರದ ಹೊಣೆಯೂ ಅವರದ್ದೇ. ಒಂದೂವರೆ ಲಕ್ಷದ ಜೀಪಿನ ವ್ಯಾಪಾರಕ್ಕೆ ತವರಿನ ತೋಟ ಅಡವಿಡುವ ಪ್ರಸಂಗ ಬಂದರೆ ಮತ್ತೆ ಆ ಎರಡು ಮನೆಗಳ ನಡುವೆ ಹೋಗಿಬರುವಿಕೆ ಉಳಿದೀತೇ?

ಕಾಗದ ದಾಟುವ ದಾರಿ

ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಟ್ಟುಕೊಂಡರೆ ಇಲ್ಲಿಯ ನಂಬರು ಪಡೆಯಲೇಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್. ಮಾರಾಟವಾದರೆ ಅಷ್ಟು ಸಮಯವೂ ಇಲ್ಲ. 50ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯಕ್ಕೆ ಮಾರಿದವರು 45 ದಿನದೊಳಗೆ, ಕೊಂಡವರು 30 ದಿನದೊಳಗೆ ಇಲಾಖೆಗೆ ತಿಳಿಸಬೇಕು.

ಕ್ರಮ ಹೀಗೆ. ಕೆಎ-19 ಮಂಗಳೂರು, ಕೆಎ-21 ಪುತ್ತೂರು, ಕೆಎ-70 ಬಂಟ್ವಾಳ, ಯಾವುದೇ ಆಗಲಿ, ಮೊದಲು ಅಲ್ಲಿಯ ಆರ್‌ಟಿಒದಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ ಆಗಬೇಕು. ಜನರ ಬಾಯಲ್ಲಿ ಇದು ಎನ್‌ಒಸಿ. ಮಾರುವವರು ಫಾರಂ 29, ಕೊಳ್ಳುವವರು ಜೊತೆಗೆ ಫಾರಂ 30 ಸಹಿ ಹಾಕಬೇಕು. ಕೆಎಲ್-14 ನಂಬರಿಗಾಗಿ ಕಾಸರಗೋಡಿನಲ್ಲಿ ಫಾರಂ 27 ಕೊಡಬೇಕು. ಗಾಡಿಯ ಮೇಲೆ ಸಾಲವಿದ್ದರೆ ಬ್ಯಾಂಕಿನ ಪತ್ರ ಹಾಗೂ ಫಾರಂ 35 ಇಲ್ಲದೆ ಯಾವುದೂ ಮುಂದೆ ಹೋಗುವುದಿಲ್ಲ. ದಂಡ ಬಾಕಿ ಇದೆಯೇ, ಆರ್‌ಸಿ ಊರ್ಜಿತವೇ ಎಂದು ಪರಿವಾಹನ್ ಆ್ಯಪ್‌ನಲ್ಲಿ ಮೊದಲೇ ನೋಡಿಕೊಳ್ಳಬಹುದು.

ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಕೇರಳದ ತೆರಿಗೆ ಬೇರೆಯೇ ಕಟ್ಟಬೇಕು. 15 ವರ್ಷ ದಾಟಿದ ಖಾಸಗಿ ವಾಹನಗಳ ತೆರಿಗೆಯನ್ನು ಕೇರಳ ಸರಕಾರ 2025ರ ಬಜೆಟ್‌ನಲ್ಲಿ ಶೇ. 50 ಏರಿಸಿತು. 15 ವರ್ಷದ ನಂತರ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಕೇಂದ್ರ ಸರಕಾರ ಅದರ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕಾರು, ಜೀಪುಗಳಿಗೆ 5,000 ರೂ. ಮಾಡಿತು. 2025ರ ಆಗಸ್ಟ್‌ನ ಅಧಿಸೂಚನೆಯಲ್ಲಿ 20 ವರ್ಷ ಮೀರಿದವಕ್ಕೆ 10,000 ರೂ. ನಿಗದಿಯಾಯಿತು. ಆರ್‌ಸಿ ಅವಧಿ ಮುಗಿದ ಗಾಡಿಯಾದರೆ ಮಾರುವವರೇ ಅಲ್ಲಿ ನವೀಕರಿಸಿ ಕೊಡುವಂತೆ ಮಾತಾಡಿಕೊಳ್ಳುವುದು ಒಳ್ಳೆಯದು.

ವಿಮೆಯದ್ದೂ ಲೆಕ್ಕ ಉಂಟು. 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ 1500 ಸಿಸಿ ಮೀರಿದ ಖಾಸಗಿ ಗಾಡಿಗೆ ಥರ್ಡ್ ಪಾರ್ಟಿ ವಿಮೆಯೇ ವರ್ಷಕ್ಕೆ 7,897 ರೂ., ತೆರಿಗೆ ಬೇರೆ. 1298 ಸಿಸಿಯ ಜಿಪ್ಸಿಗೆ 3,416 ರೂ. ಡೀಸೆಲ್ ಜೀಪು, ಪೆಟ್ರೋಲ್ ಜಿಪ್ಸಿಗಳ ಖರ್ಚು ಹೋಲಿಸುವಾಗ ಇದನ್ನೂ ಸೇರಿಸಬೇಕು.

ಬಣ್ಣದ ಜೀಪಿಗೆ ಮರುಳಾಗಬೇಡಿ

ದೊಡ್ಡ ಟಯರು, ಬೇರೆ ಎಂಜಿನ್, ಕತ್ತರಿಸಿ ಗಿಡ್ಡ ಮಾಡಿದ ಬಾಡಿ. ಯುವಕರಿಗೆ ಇಂಥ ಜೀಪು ಕಂಡರೆ ಆಸೆ. ಕೇರಳದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಹೇಳಿತು. ಟೂವೀಲ್ ಜೀಪು ಅಗ್ಗಕ್ಕೆ ಕೊಂಡು ಗುಜರಿಯ ಮುಂದಿನ ಆಕ್ಸಲ್ ಕೂರಿಸಿ ಫೋರ್‌ವೀಲ್ ಮಾಡುವ ಲೆಕ್ಕಾಚಾರವೂ ಇದರಡಿ ಬರುತ್ತದೆ. ನವೀಕರಣಕ್ಕೆ ಹೋದ ದಿನ ಇನ್‌ಸ್ಪೆಕ್ಟರರ ಮುಂದೆ ಅದು ಪಾಸಾಗುವುದು ಕಷ್ಟ.

ಸರಕಾರಿ ಇಲಾಖೆಗಳ ಹರಾಜಿನ ಜೀಪು ಹಿಡಿಯುವ ಹಳೆ ದಾರಿಯೂ ಬಹುತೇಕ ಮುಚ್ಚಿದೆ. 15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವುದಿಲ್ಲ, ಅವು ಗುಜರಿಗೇ ಹೋಗಬೇಕು.

ಎರಡು ಲಕ್ಷದ ಲೆಕ್ಕ

ಕೈಯಲ್ಲಿ ಎರಡು ಲಕ್ಷ ಇದ್ದರೆ ಎರಡು ಲಕ್ಷದ ಜೀಪು ಹುಡುಕಬಾರದು. ಒಂದೂ ಕಾಲು, ಹೆಚ್ಚೆಂದರೆ ಒಂದೂವರೆಯಲ್ಲಿ ಗಾಡಿ ಮುಗಿಸಬೇಕು. ಉಳಿದದ್ದರಲ್ಲಿ ಒಂದು ಪಾಲು ತೆರಿಗೆ, ನವೀಕರಣ, ವಿಮೆಗೆ. ಇನ್ನೊಂದು ಪಾಲು ಟಯರು, ಬ್ರೇಕು, ಬ್ಯಾಟರಿಗೆ. ಹಳೆ ಜೀಪು ಮನೆಗೆ ಬಂದ ಮೊದಲ ಮೂರು ತಿಂಗಳಲ್ಲಿ ಏನನ್ನಾದರೂ ಕೇಳದೆ ಬಿಡುವುದಿಲ್ಲ.

ಹಣ ಕೊಡುವುದನ್ನೂ ಎರಡು ಭಾಗ ಮಾಡಿಕೊಳ್ಳಬೇಕು. ಮುಂಗಡ ಕೊಟ್ಟು ಕರಾರು ಬರೆದಿಟ್ಟು, ಎನ್‌ಒಸಿ ಕೈಗೆ ಬಂದ ದಿನ ಬಾಕಿ ಕೊಟ್ಟರೆ ಇಬ್ಬರಿಗೂ ನೆಮ್ಮದಿ. ವಿಮೆಯ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಹಾಕಬೇಕು. ಮಾರಿದವರು ಬಾವನೇ ಆಗಿರಲಿ, ಭಾವನೆಂಟರೇ ಆಗಿರಲಿ, ಹೀಗೆ ಮಾಡಿದರೆ ಬೇಸರ ಮಾಡಿಕೊಳ್ಳುವುದಕ್ಕೇನೂ ಇಲ್ಲ. ಅವರ ಹೆಸರು ಉಳಿಸುವುದಕ್ಕೇ ಅಲ್ಲವೇ ಇದು?

ಇಷ್ಟೆಲ್ಲ ನೋಡಿ ತಂದ ಹಳೆ ಜೀಪು ಮುಂದಿನ ಜೂನ್‌ನಲ್ಲಿ ಕೆಂಪು ಏರು ಹತ್ತಿ ಅಂಗಳದಲ್ಲಿ ನಿಂತರೆ ಖರ್ಚು ಮಾಡಿದ್ದಕ್ಕೆ ಬೇರೆ ಸಮಾಧಾನ ಬೇಕಾಗಿಲ್ಲ. ರಾತ್ರಿ ಹನ್ನೆರಡಕ್ಕೆ ಅಜ್ಜನನ್ನು ಕೂರಿಸಿಕೊಂಡು ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಓಡುವಾಗ ದಾರಿಯಲ್ಲಿ ಯಾರು ಕೈ ಅಡ್ಡ ಹಿಡಿದು ಕಾಗದ ಕೇಳಿದರೂ ತೋರಿಸುವಂತಿರಬೇಕು, ಅಷ್ಟೆ.