ಕಾರಿನ ಕನ್ನಡಿ ಯಾಕೆ ಸದ್ದು ಮಾಡುತ್ತೆ?

ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇನಲ್ಲಿ ಓಡಾಡೋರು ಗಮನಿಸಿರ್ತೀರಿ: 60ರ ವೇಗದಲ್ಲಿ ಆರಾಮಾಗಿ ಮಾತಾಡಬಹುದು, 100 ಮುಟ್ಟಿದರೆ ಕಿಟಕಿ ಪಕ್ಕ ಒಂದೇ ಸಮನೆ ಭೋರ್ಗರೆತ. ಅದರಲ್ಲಿ ಹೊರಗಿನ ಕನ್ನಡಿಯ ಪಾಲೂ ಇದೆ.

ಕನ್ನಡಿಯ ಕವಚ ದಾಟಿದ ಗಾಳಿ ಹಿಂದುಗಡೆ ಸುಳಿಗಳಾಗಿ ಒಡೆಯುತ್ತೆ. ಆ ಸುಳಿಗಳು ಪಕ್ಕದ ಗಾಜಿಗೆ ಬಡಿದಾಗ, ಗಾಜು ತಮಟೆ ಥರ ಕಂಪಿಸಿ ಸದ್ದನ್ನ ಒಳಗೆ ದಾಟಿಸುತ್ತೆ. ಇಂಥ ಸದ್ದಿನ ಶಕ್ತಿ ಹೆಚ್ಚುಕಡಿಮೆ ವೇಗದ 6ನೇ ಘಾತದಂತೆ ಏರುತ್ತೆ. ಲೆಕ್ಕ ಹಾಕಿ: 60ರಿಂದ 100ಕ್ಕೆ ಹೋದರೆ ಸುಮಾರು 21 ಪಟ್ಟು, ಅಂದರೆ 13 ಡೆಸಿಬಲ್! ಎಲೆಕ್ಟ್ರಿಕ್ ಕಾರಲ್ಲಿ ಇದನ್ನ ಮುಚ್ಚಿಹಾಕೋಕೆ ಎಂಜಿನ್ ಸದ್ದೂ ಇಲ್ಲ.

ಕನ್ನಡಿ ಚಿಕ್ಕದು ಮಾಡೋಣ ಅಂದ್ರೆ, ಹಿಂದಿನ ರಸ್ತೆ ಇಷ್ಟು ಕಾಣಲೇಬೇಕು ಅಂತ ನಿಯಮ ಇದೆ. ಹಾಗಾಗಿ ಡಿಸೈನರ್‌ಗಳು ಕನ್ನಡಿಯನ್ನ ಗಾಜಿನ ಮೂಲೆಯಿಂದ ಬಾಗಿಲಿಗೆ ಇಳಿಸಿ, ನಡುವೆ ಗಾಳಿಗೆ ದಾರಿ ಬಿಡ್ತಾರೆ. ಸುಳಿಗಳು ಗಾಜಿಂದ ದೂರ ಸಾಗೋ ಹಾಗೆ ಕವಚದ ಒಳಬದಿಯನ್ನ ತಿದ್ದುತ್ತಾರೆ.

ನಿಮ್ಮ ಕಾರಲ್ಲಿ ಬರೋದು ಭೋರ್ಗರೆತವಲ್ಲ, ಸಿಳ್ಳೆ ಅಂತಾದರೆ ಸಂದುಗಳನ್ನ ನೋಡಿ. ಬಾಟಲಿ ಬಾಯಿಗೆ ಊದಿದ ಹಾಗೆ ಅಲ್ಲೂ ಗಾಳಿ ಸಿಳ್ಳೆ ಹಾಕುತ್ತೆ. ಕವಚದ ಸಂದಿಗೆ ಟೇಪ್ ಅಂಟಿಸಿ ಒಂದು ರೌಂಡ್ ಹೋಗಿಬನ್ನಿ. ಸಿಳ್ಳೆ ನಿಂತರೆ ಕಳ್ಳ ಸಿಕ್ಕಿದ ಅಂತಲೇ ಅರ್ಥ.