ಧಾರವಾಡಕ್ಕ ಕಳಸೂದಂದ್ರ

ತಡಸ ಕ್ರಾಸಿನಲ್ಲಿ ಹುಬ್ಬಳ್ಳಿ ಬಸ್ಸಿಗೆ ಕಾಯುವವರಲ್ಲಿ ಒಬ್ಬ ಅಡ್ಡಾದಿಡ್ಡಿ ಮಾತಾಡಿದರೆ ಜೊತೆಗಿದ್ದವ ‘ಇವನ್ನ ಧಾರವಾಡಕ್ಕ ಕಳಸ್ಬೇಕ್ ನೋಡ್’ ಎಂದು ನಗುತ್ತಾನೆ. ಪೇಡೆಯ ಊರು ಬೈಗುಳವಾದದ್ದು 1845ರಲ್ಲಿ ಶುರುವಾದ ಹುಚ್ಚಾಸ್ಪತ್ರೆಯಿಂದ. ಇಂದು ಅದೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ. ಹದಿನಾಲ್ಕರ ಹುಡುಗಿ ತಿಂಗಳುಗಟ್ಟಲೆ ಮಂಕಾಗಿ ಕೂತರೂ ಮನೆಯವರು ಆ ಬಸ್ಸು ಹತ್ತದಿರಲು ಈ ನಗೆಯೂ ಒಂದು ಕಾರಣ.

‘ಸಣ್ಣ ಹುಡುಗ್ರಿಗೆಂಥಾ ಚಿಂತಿ?’ ಎನ್ನುತ್ತಾರೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರ ಪೈಕಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಮಕ್ಕಳ ಖಿನ್ನತೆ ಅಳುವಾಗಿಯೇ ಬರುವುದಿಲ್ಲ. ಸಿಡುಕು, ಹೊಟ್ಟೆನೋವು, ಸಾಲಿ ತಪ್ಪಿಸುವುದು ಕೂಡ ಅದೇ ಇರಬಹುದು. ಹಿರಿಯರು ಅದನ್ನು ಸೊಕ್ಕು ಎನ್ನುತ್ತಾರೆ, ಇಲ್ಲವೇ ಗಾಳಿ ಬಡದೈತಿ ಎಂದು ತಾಯತ ಕಟ್ಟಿಸುತ್ತಾರೆ. ತಾಯತದ ಮೇಲೆ ನನಗೆ ಸಿಟ್ಟಿಲ್ಲ. ಕಟ್ಟಿಸಿ ಸುಮ್ಮನಾಗುವುದರ ಮೇಲಿದೆ.

‘ಸಣ್ಣಾಗಿದ್ದಾಗಿಂದು, ಮರತಬಿಡತಾವ’ ಎಂಬುದೂ ಸುಳ್ಳು. ಸಾಲಕ್ಕೆ ಜೀವ ಕೊಟ್ಟ ಅಪ್ಪ, ಕುಡಿದು ಬಂದು ಬಡಿಯುವ ಕೈ, ಮೈಮುಟ್ಟುವ ನೆಂಟ: ಇಂಥ ಪೆಟ್ಟುಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಆತ್ಮಹತ್ಯಾ ಯತ್ನ ಹೆಚ್ಚುತ್ತವೆಂದು ಅಮೆರಿಕದಲ್ಲಿ ಸಾವಿರಾರು ವಯಸ್ಕರನ್ನು ಕೇಳಿ 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಆದರೆ ನನಗೆ ಹೆಚ್ಚು ಕಸಿವಿಸಿಯಾಗುವುದು ಇದರ ತದ್ವಿರುದ್ಧ ಮಾತಿಗೆ: ‘ಪಾಪ, ಮನಸ್ ಮುರದೈತಿ, ಇನ್ನ ಕೂಡೂದಿಲ್ಲ.’ ಕನಿಕರದ ದನಿ, ಬಾಗಿಲು ಮುಚ್ಚುವ ಕೆಲಸ. ತಡಸದವರ ಕಿವಿ ನಿಮಿರಿಸುವ ಹೆಸರಿನದೊಂದು ಅಧ್ಯಯನವಿದೆ, ‘ಟ್ಯಾಡ್ಸ್’. 12ರಿಂದ 17 ವಯಸ್ಸಿನ 439 ಖಿನ್ನರನ್ನು ಹನ್ನೆರಡು ವಾರ ನೋಡಿ 2004ರಲ್ಲಿ ಹೇಳಿದ್ದು: ಫ್ಲುಆಕ್ಸೆಟಿನ್ ಗುಳಿಗೆಯೊಂದಿಗೆ ಮಾತಿನ ಚಿಕಿತ್ಸೆ ಪಡೆದವರಲ್ಲಿ ಶೇ. 71 ಮಂದಿ ಸುಧಾರಿಸಿದರು. ಗುಳಿಗೆ ಮಾತ್ರವಾದರೆ 61, ಮಾತು ಮಾತ್ರವಾದರೆ 43, ಹುಸಿಗುಳಿಗೆಗೆ 35. ಬಾಲ್ಯದಲ್ಲಿ ಆಘಾತ ಕಂಡವರನ್ನು ಬೇರೆ ಮಾಡಿ ನೋಡಿದಾಗ ಈ ಅಂತರ ಇಷ್ಟು ನಿಚ್ಚಳವಿರಲಿಲ್ಲ. ವೈದ್ಯರು ‘ನಿನಗೇನಾತು?’ ಎಂದು ಕೇಳಲೇಬೇಕಾದದ್ದು ಅದಕ್ಕೇ. ಆದರೂ ವಯಸ್ಕರ 29 ಪ್ರಯೋಗಗಳ 6,830 ಜನರನ್ನು ಒಟ್ಟಿಗಿಟ್ಟು ನೋಡಿದ 2022ರ ವಿಶ್ಲೇಷಣೆ ಸ್ಪಷ್ಟ: ಬಾಲ್ಯದ ಗಾಯವಿದ್ದವರು ಬರುವಾಗ ಹೆಚ್ಚು ಬಳಲಿದ್ದರು, ಆದರೆ ಚಿಕಿತ್ಸೆಯಿಂದ ಉಳಿದವರಷ್ಟೇ ಚೇತರಿಸಿಕೊಂಡರು.

ಗುಳಿಗಿ ಚಟ ಹತ್ತತೈತಿ ಎಂಬ ಭಯ ಬೇಡ. ಹಾಗೆಂದು ಒಮ್ಮೆಲೇ ನಿಲ್ಲಿಸಬಾರದು. ಮೊದಲ ವಾರಗಳಲ್ಲಿ ಕೆಲವು ಮಕ್ಕಳಿಗೆ ಸಾಯುವ ಯೋಚನೆ ಹೆಚ್ಚಬಹುದು; ಕಣ್ಣಿಟ್ಟಿರಬೇಕು, ನೇರವಾಗಿ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ.

ಧಾರವಾಡದವರೆಗೂ ಹೋಗಬೇಕಾಗದೆ ಇರಬಹುದು. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ವ್ಯವಸ್ಥೆಯಿದೆ, ತಡಸದವರು ಶಿಗ್ಗಾಂವಿಯಲ್ಲಿ ವಿಚಾರಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಫೋನು ಮಗುವಿನ ಕೈಗೆ ಕೊಟ್ಟು ನೀವು ಹೊರಗೆ ಕಟ್ಟೆಯ ಮೇಲೆ ಕೂಡ್ರಿ. ಬಡಿದವರು ಒಳಗಿನ ಕೋಣೆಯಲ್ಲೇ ಇದ್ದರೆ ಅವರನ್ನೂ ಹೊರಗೆ ಕರೆದುಕೊಳ್ಳಿ.